ಮಹತ್ವದ ಅವಧಿ ಮುಗಿದ ಮೇಲೆ ಹುಟ್ಟಿದ ಅಜ್ಜಿ

ಎಲ್ಡನ್ ಲ್ಯಾಂಡಿಂಗ್ ನಗರದ ಪಾರಂಪರಿಕ ಕಟ್ಟಡಗಳ ಸಂರಕ್ಷಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ನನ್ನ ಅಜ್ಜಿಯನ್ನು ಅವಳದೇ ಮನೆಯಲ್ಲಿ ಕೂಡಿಹಾಕಿದ್ದೀರಿ. ಬೀಗ ಹಾಕಿಲ್ಲ, ಕಾವಲಿಟ್ಟಿಲ್ಲ. ವೀಲ್‌ಚೇರ್ ಇಳಿಯಲು ಮುಂಬಾಗಿಲ ಮೆಟ್ಟಿಲ ಮೇಲೆ ಮರದ ರ‍್ಯಾಂಪ್ ಬೇಕೆಂದು ಕೇಳಿದ್ದಕ್ಕೆ ಕೂಡದು ಎಂದಿರಿ, ಅಷ್ಟೇ. ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿ, ಕಳೆದ ನವೆಂಬರಿನಲ್ಲಿ ಮನೆಗೆ ಬಂದವಳು ಅಂದಿನಿಂದ ಒಂದೇ ಒಂದು ಸಲ ರಸ್ತೆ ಕಂಡಿದ್ದಾಳೆ.

ನಿಮ್ಮ ಕಾರಣ ಊರಿಗೆಲ್ಲ ತಿಳಿಯಲಿ. ನಮ್ಮ ಬೀದಿಗೆ ನೀವು ‘ಮಹತ್ವದ ಅವಧಿ’ ಎಂಬುದೊಂದನ್ನು ಗೊತ್ತುಮಾಡಿದ್ದೀರಿ. ನದಿಯ ಕಪ್ಪೆಚಿಪ್ಪಿನಿಂದ ಅಂಗಿಯ ಗುಂಡಿ ಮಾಡುವ ಕಾರ್ಖಾನೆ ಶುರುವಾದ ವರ್ಷದಿಂದ ಅದರ ಮಾಲೀಕ ಸತ್ತ ವರ್ಷದವರೆಗೆ, ಅಂದರೆ 1891ರಿಂದ 1926. ಆಗ ಈ ಬೀದಿಯ ಯಾವ ಮನೆಗೂ ರ‍್ಯಾಂಪ್ ಇರಲಿಲ್ಲ, ಆದ್ದರಿಂದ ಈಗಲೂ ಇರಬಾರದು. ಸರಿ. ಆಗ ಕಾರ್ಖಾನೆಯ ಹುಡುಗಿಯರು ಯಂತ್ರಕ್ಕೆ ಬೆರಳು ಕೊಡುತ್ತಿದ್ದರು, ಅದನ್ನೂ ಮುಂದುವರಿಸೋಣವೇ? ನನ್ನ ಅಜ್ಜಿ ಲಿಯೋಟಾ ಬ್ರುಗ್‌ಮನ್ ಹುಟ್ಟಿದ್ದು 1941ರಲ್ಲಿ. ಮದುವೆಯಾಗಿ ಈ ಮನೆಗೆ ಬಂದದ್ದು, ಮಕ್ಕಳನ್ನು ಹೆತ್ತದ್ದು, ನೆರೆ ಬಂದಾಗ ತಗ್ಗಿನ ಬೀದಿಯವರನ್ನೆಲ್ಲ ಒಳಗೆ ಕರೆದು ಬಡಿಸಿದ್ದು, ಎಲ್ಲವೂ ಮಹತ್ವ ಮುಗಿದ ಮೇಲೆ. ಒಂದು ಊರಿನ ಮಹತ್ವ ಇಂಥ ವರ್ಷಕ್ಕೆ ಮುಗಿಯಿತು ಎಂದು ಬರೆಯುವ ಅಧಿಕಾರ ನಿಮಗೆ ಕೊಟ್ಟವರು ಯಾರು?

ಹಿತ್ತಲ ಬಾಗಿಲಿಗೆ ಹಾಕಿಕೊಳ್ಳಿ ಎನ್ನುತ್ತೀರಿ. ಅದರ ಆಚೆ ಇರುವುದು ಮಿಸಿಸಿಪ್ಪಿಗೆ ಇಳಿಯುವ ಕಡಿದಾದ ಗುಡ್ಡ. ಅಲ್ಲಿ ರ‍್ಯಾಂಪ್ ಹಾಕಿದರೆ ಅಜ್ಜಿ ಹೊರಗೆ ಹೋಗುವುದು ನಿಜ, ಆದರೆ ನೆಟ್ಟಗೆ ನೀರಿಗೆ.

ಪಕ್ಕದಲ್ಲೇ ಆ ಕಾರ್ಖಾನೆಯ ಮಾಲೀಕನ ಬಂಗಲೆ, ಈಗ ನಿಮ್ಮ ಗುಂಡಿ ಮ್ಯೂಸಿಯಂ. ಅಲ್ಲಿಂದ ಹೊರಟ ಪ್ರವಾಸಿಗರು ನಮ್ಮ ಮನೆಯ ಮುಂದೂ ನಿಲ್ಲುತ್ತಾರೆ. ಜಗಲಿ ಇದ್ದ ಹಾಗೇ ಉಳಿದಿದೆ ಎಂದು ಗೈಡ್ ಹೆಮ್ಮೆಯಿಂದ ತೋರಿಸುತ್ತಾನೆ. ಮೇ ತಿಂಗಳಲ್ಲಿ ಒಬ್ಬ ಹೆಂಗಸು ಜಗಲಿ ಹತ್ತಿ, ಅಜ್ಜಿ ಕೂತಿದ್ದ ಕಿಟಕಿಗೆ ಮೂಗು ಒತ್ತಿ, “ಅಯ್ಯೋ, ಬನ್ರೀ ಇಲ್ಲಿ! ಮೇಣದ ಮುದುಕೀನ ಎಷ್ಟ್ ಚೆನ್ನಾಗಿ ಮಾಡಿದ್ದಾರೆ ನೋಡಿ, ಗಲ್ಲದ ಮೇಲಿನ ಕೂದ್ಲೂ ಬಿಟ್ಟಿಲ್ಲ!” ಎಂದಳು. ಅಜ್ಜಿ ಗಾಜು ಕುಟ್ಟಿ, “ಟಿಕೆಟ್ ತಗೊಂಡ್ಯೇನಮ್ಮಾ?” ಎಂದಾಗ ಆಕೆ ಚೀರಿ ಹಿಂದೆ ಸರಿದು ಹೂಕುಂಡದ ಮೇಲೇ ಕೂತುಬಿಟ್ಟಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅಜ್ಜಿ, “ಅವಳು ಹೇಳಿದ್ದೂ ಸುಳ್ಳಲ್ಲ ಬಿಡೇ” ಎಂದಳು.

ರಸ್ತೆ ಕಂಡ ಆ ಒಂದು ಸಲ, ಈಸ್ಟರಿಗೆ ಮುಂಚೆ, ಚರ್ಚಿನ ಶುಕ್ರವಾರದ ಮೀನೂಟಕ್ಕೆ ಹೊರಟದ್ದು. ಅಗ್ನಿಶಾಮಕ ದಳದವರು ಕುರ್ಚಿ ಸಮೇತ ಎತ್ತಿ ಇಳಿಸಿದರು. ಬೀದಿಯವರೆಲ್ಲ ನಿಂತು ನೋಡಿದರು. “ನಾನೇನು ಪಿಯಾನೋನಾ? ಇನ್ನೊಂದ್ ಸಲ ನನ್ನ ಹೊತ್ಕೊಂಡ್ ಹೋಗೋದಾದ್ರೆ ಪೆಟ್ಟಿಗೇಲೇ” ಎಂದವಳು ಆಮೇಲೆ ಯಾರನ್ನೂ ಕರೆಯಲು ಬಿಟ್ಟಿಲ್ಲ.

ಕಳೆದ ವಾರ, ಅಜ್ಜಿಯನ್ನು ನೋಡಲು ಮನೆಗೆ ಬರುವ ಕೌಂಟಿಯ ಸರ್ಕಾರಿ ನರ್ಸ್ ಡೋರೀನ್ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: “ನೋಡಮ್ಮಾ ಮಾರ್ನಿ, ಬೆಂಕಿ ಬಿದ್ರೆ ಹೊರಗೆ ಬರೋಕೆ ದಾರಿ ಇಲ್ಲದ ಮನೇಲಿ ಇವರು ಇರ್ಬಹುದು ಅಂತ ನಾನು ಬರೆದುಕೊಡಕ್ಕಾಗಲ್ಲ. ಸೆಪ್ಟೆಂಬರ್ ಒಳಗೆ ರ‍್ಯಾಂಪ್ ಆಗ್ಬೇಕು. ಇಲ್ಲಾಂದ್ರೆ ವೃದ್ಧಾಶ್ರಮ.” ಅಂದರೆ, ಅಧ್ಯಕ್ಷರೇ, ನೀವು ಮನೆಯನ್ನು ಉಳಿಸುತ್ತಿರುವುದು ಅದರಲ್ಲಿ ಬಾಳಿದವಳನ್ನು ಹೊರಹಾಕಿ. ಸಂರಕ್ಷಣೆ ಎಂದರೆ ಇದೇ ಏನು?

ಮರುಪರಿಶೀಲನೆ ಕೇಳಿದೆ. ಮನೆಯ ಒಡತಿ ಸಭೆಗೆ ಖುದ್ದಾಗಿ ಬಾರದ ಕಾರಣ ಅರ್ಜಿ ತಿರಸ್ಕೃತ ಎಂದು ಉತ್ತರ ಬಂತು. ರ‍್ಯಾಂಪ್ ಇಲ್ಲದೆ ಅವಳು ಬರಲಾರಳು, ಅವಳು ಬಾರದೆ ರ‍್ಯಾಂಪ್ ಇಲ್ಲ. ಇದನ್ನು ಬರೆದವರ ಕೈ ಒಂದು ಗಳಿಗೆಯೂ ತಡೆಯಲಿಲ್ಲವೇ? ಫೋನ್ ಮಾಡಿದರೆ ನಿಮ್ಮ ಗುಮಾಸ್ತರು ಬಹಳ ಮರುಕದಿಂದ, “ಏನ್ಮಾಡೋದಮ್ಮಾ, ನಿಯಮ ಹಾಗಿದೆ. ಅಜ್ಜೀನ ಒಂದ್ಸಲ ಕರ್ಕೊಂಡ್ ಬಂದ್ಬಿಡಿ, ಐದು ನಿಮಿಷದ ಕೆಲ್ಸ” ಎಂದರು.

ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ಗ್ರಂಥಾಲಯದ ಬಾಗಿಲಲ್ಲಿ ಪುಕ್ಕಟೆ ಸಿಗುವ ಕರಪತ್ರಗಳಿಂದಲೇ ಹಕ್ಕು ಎಂಬ ಮಾತು ಕಲಿತೆ. ನಿಮ್ಮದನ್ನೂ ಓದಿದ್ದೇನೆ. ಸ್ಥಳ ನೋಡುವ ಅಗತ್ಯವಿದ್ದರೆ ಸಮಿತಿಯು ಯಾವುದೇ ಪಾರಂಪರಿಕ ಮನೆಯಲ್ಲಿ ಸಭೆ ಸೇರಬಹುದು ಎಂದು ಅದರ ಕೊನೆಯ ಪುಟದಲ್ಲಿದೆ. ಕಳೆದ ವರ್ಷ ಬ್ಯಾಂಕಿನ ಮಾಲೀಕರ ಮನೆಯಲ್ಲಿ ಹಾಗೆ ಸೇರಿದ್ದಿರಿ. ದ್ರಾಕ್ಷಾರಸವೂ ಇತ್ತಂತೆ. ನಮ್ಮಲ್ಲಿ ಕಾಫಿ ಇದೆ, ಅಜ್ಜಿ ಮಾಡಿಸಿದ ಸೇಬಿನ ಕೇಕ್ ಇರುತ್ತದೆ.

ನನ್ನ ಬೇಡಿಕೆ ಇಷ್ಟೇ. ವಿಚಾರಣೆಯನ್ನು ನಮ್ಮ ಮುಂಗೋಣೆಯಲ್ಲಿ ನಡೆಸಿ. ಅಜ್ಜಿ ಮಾತಾಡುತ್ತಾಳೆ, ನೀವು ಕೇಳಿ, ಏಳುವ ಮುಂಚೆ ತೀರ್ಮಾನ ಹೇಳಿ. ಒಡತಿ ಖುದ್ದಾಗಿ ಹಾಜರಿರುತ್ತಾಳೆ, ಆ ಬಗ್ಗೆ ನಿಮಗೆ ಅನುಮಾನವೇ ಬೇಡ.

ಇಂತಿ,
ನಿಮ್ಮ ಕರಪತ್ರವನ್ನು ಕೊನೆಯ ಪುಟದವರೆಗೆ ಓದಿದ, ಬಹುಶಃ ಒಬ್ಬಳೇ ನಾಗರಿಕಳು,
ಮಾರ್ನಿ ಬ್ರುಗ್‌ಮನ್

ಮೆಟ್ಟಿಲು ಹತ್ತಲಾಗದ ಸದಸ್ಯರಿದ್ದರೆ ಮೊದಲೇ ತಿಳಿಸಿ. ಸಭೆ ಆಗಸ್ಟ್ ಹದಿನಾಲ್ಕು, ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ.