ಗಂಟೆ ಬಾರಿಸುವ ಮುನ್ನ ಆ ಗೋಪುರದ ಕೆಳಗೆ ಒಂದು ದಿನ ಕುಳಿತು ನೋಡಿ

ಮಾನ್ಯ ಪೌರಾಯುಕ್ತರೇ,

ಪುರಭವನದ ಶತಮಾನೋತ್ಸವದ ಸಲುವಾಗಿ ಗೋಪುರದ ದೊಡ್ಡ ಗಂಟೆಯನ್ನು ಮತ್ತೆ ಬಾರಿಸಲು ತಾವು ನಿರ್ಧರಿಸಿದ್ದೀರಿ ಎಂದು ಓದಿದೆ. ದಯವಿಟ್ಟು ಬಾರಿಸಬೇಡಿ. ಆ ಗೋಪುರ ನಿಲ್ಲುವ ಸ್ಥಿತಿಯಲ್ಲಿಲ್ಲ. ಅದು ತಮಗೂ ಗೊತ್ತಿದೆ ಎಂಬುದೇ ನನ್ನ ದೂರು. ಗೊತ್ತಿಲ್ಲದಿದ್ದರೆ ಕಳೆದ ಬೇಸಿಗೆಯಲ್ಲಿ ಮೇಜು, ಕುರ್ಚಿ, ಪರದೆ, ಹೂಕುಂಡಗಳ ಸಮೇತ ಹಿಂಬದಿಯ ಹೊಸ ಕಟ್ಟಡಕ್ಕೆ ಯಾಕೆ ಹೋದಿರಿ? ಪತ್ರಿಕೆಯವರು ಕೇಳಿದಾಗ ಹಳೆಯ ಕೊಠಡಿಯಲ್ಲಿ ಗಾಳಿ ಬೆಳಕು ಸಾಲದು ಎಂದಿರಿ. ಜನನ ಮರಣ ನೋಂದಣಿ ವಿಭಾಗಕ್ಕೆ, ಅಲ್ಲಿ ದಿನವಿಡೀ ಸಾಲು ನಿಲ್ಲುವ ಜನಕ್ಕೆ, ಆ ಸಾಲಿನೆದುರು ಕೂರುವ ನನ್ನ ಅಕ್ಕನಿಗೆ ಮಾತ್ರ ಗೋಪುರದ ಬುಡದಲ್ಲೇ ಗಾಳಿ ಬೆಳಕು ಧಾರಾಳವಾಗಿ ಸಿಗುತ್ತದೆ ಎಂದು ತೀರ್ಮಾನಿಸಿದಿರಿ.

ನಾನು ಪುರಭವನದ ಎದುರು ಕನ್ನಡಕದ ಅಂಗಡಿ ನಡೆಸುವವಳು. ನನಗಿಂತ ಮೊದಲು ನನ್ನ ಅತ್ತೆ ನಡೆಸುತ್ತಿದ್ದರು. ಹೊಸ ಕನ್ನಡಕ ಹಾಕಿಕೊಂಡವರನ್ನು ಬಾಗಿಲಿಗೆ ಕರೆತಂದು "ಗೋಪುರದ ಗಡಿಯಾರ ನೋಡಿ, ಮುಳ್ಳು ಸರಿಯಾಗಿ ಕಾಣ್ತಿದೆಯಾ?" ಎಂದು ಕೇಳುವುದು ನಮ್ಮ ರೂಢಿ. ಮೊನ್ನೆ ಒಬ್ಬ ಬಸ್ ಚಾಲಕರು ಕಣ್ಣು ಕಿರಿದು ಮಾಡಿ ನೋಡಿ, "ಮುಳ್ಳು ಕಾಣೋದು ಇರ್ಲಿ ಬಿಡಮ್ಮ, ಅದರ ಪಕ್ಕದಲ್ಲಿ ಗೋಡೆ ಬಾಯಿ ಬಿಟ್ಟಿರೋದು ಕಾಣ್ತಿದೆ" ಎಂದರು. ತಮ್ಮ ಇಂಜಿನಿಯರುಗಳಿಗೆ ಕಾಣದ್ದು ಅವರಿಗೆ ಕಂಡದ್ದು ನನ್ನ ಗಾಜಿನ ಗುಣವೆಂದು ಜಂಬಪಡಲೇ?

ತಾವು ಆಹ್ವಾನ ಪತ್ರಿಕೆಯಲ್ಲಿ ಈ ಕಟ್ಟಡವನ್ನು ಪೂರ್ವಿಕರ ದೂರದೃಷ್ಟಿಯ ಸಾಕ್ಷಿ ಎಂದು ಬಣ್ಣಿಸಿದ್ದೀರಿ. ದೂರದೃಷ್ಟಿಯ ಕಥೆ ಹೀಗಿದೆ. ಹಳೆಯ ಕೋಟೆಯ ಕಂದಕಕ್ಕೆ ಮಣ್ಣು ತುಂಬಿ, ಆ ಮಣ್ಣು ಗಟ್ಟಿಯಾಗುವವರೆಗೂ ಕಾಯದೆ ಅದರ ಮೇಲೆ ಪುರಭವನ ಕಟ್ಟಿದರು. ವಾಸ್ತುಶಿಲ್ಪಿ ಬರೆದುಕೊಟ್ಟ ನಕ್ಷೆಯಲ್ಲಿ ಎರಡು ಅಂತಸ್ತು, ಸಾಲು ಕಮಾನುಗಳು, ಅಗಲವಾದ ಮೆಟ್ಟಿಲು ಇದ್ದವು, ಗೋಪುರ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ನಗರದವರು ಒಂದು ಗೋಪುರ ಕಟ್ಟಿಬಿಟ್ಟರು. ಅದು ನಮ್ಮವರ ಕಣ್ಣು ಕುಕ್ಕಿತು. ಅದಕ್ಕಿಂತ ಎತ್ತರದ್ದು ಬೇಕೆಂದು ಹಟ ಹಿಡಿದರು. ಈ ತಳಪಾಯ ಅದನ್ನು ಹೊರುವುದಿಲ್ಲ ಎಂದ ಶಿಲ್ಪಿಯನ್ನು ಬಿಟ್ಟು ಬೇರೊಬ್ಬರಿಂದ ಕಟ್ಟಿಸಿದರು. ಶಂಕುಸ್ಥಾಪನೆಯ ಕಲ್ಲಿನಲ್ಲಿ ಎಲ್ಲರ ಹೆಸರೂ ಇದೆ, ಬೇಡವೆಂದವನದೊಂದೇ ಇಲ್ಲ. ಮುಂದೆ ಬಂದ ನಗರಸಭೆಯ ಅಧ್ಯಕ್ಷರೊಬ್ಬರಿಗೆ ಸಭಾಂಗಣದ ಎಲ್ಲ ಮೂಲೆಗಳಿಗೂ ತಮ್ಮ ಮುಖ ಕಾಣಬೇಕಿತ್ತು. ಅದಕ್ಕೆಂದು ಗೋಪುರವನ್ನು ಹೊತ್ತಿದ್ದ ಒಳಗೋಡೆಯನ್ನೇ ಒಡೆಸಿ ಒಂದು ಕಬ್ಬಿಣದ ತೊಲೆ ಹಾಕಿಸಿದರು. ಈಗ ಆ ಸಭಾಂಗಣದ ಒಂದು ಮೂಲೆಯೇ ನೋಂದಣಿ ವಿಭಾಗದ ಕೊಠಡಿ, ಆ ತೊಲೆಯ ಕೆಳಗೇ ಅಕ್ಕನ ಕುರ್ಚಿ.

ಮೊದಲು ಅವಳ ಕೊಠಡಿಯ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಬಡಗಿ ಬಂದು ಕೆತ್ತಿ ಹೋದ. ಮತ್ತೆ ಉಜ್ಜಿತು, ಮತ್ತೆ ಕೆತ್ತಿದ. ಕೊನೆಗೆ ಬಾಗಿಲು ಮುಚ್ಚುವುದೇ ನಿಂತುಹೋಗಿ, ಇಟ್ಟಿಗೆ ಕೊಟ್ಟು ತೆರೆದೇ ಇಟ್ಟರು. "ಒಳ್ಳೇದೇ ಆಯ್ತು ಬಿಡೇ, ಓಡೋಕೆ ಸಲೀಸು" ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ದಿನಾ ಬೆಳಿಗ್ಗೆ ಮೇಜಿನ ಮೇಲಿನ ಗಾರೆಯ ಪುಡಿ ಒರೆಸಿಯೇ ಅವಳು ಕೆಲಸ ಶುರು ಮಾಡುತ್ತಿದ್ದಳು. ಒಂದು ಮಧ್ಯಾಹ್ನ, ಗಾಳಿಯಿಲ್ಲ, ಯಾರೂ ಮುಟ್ಟಿಲ್ಲ, ಕಿಟಕಿಯ ಗಾಜು ಚಟ್ಟೆಂದು ಬಿರುಕುಬಿಟ್ಟಿತು. ಅವಳು ಹೋಗಿ ತಮ್ಮ ಇಂಜಿನಿಯರಿಗೆ ಹೇಳಿದಳು. ಅವರು ತಲೆಯೆತ್ತದೆ, "ಹಳೇ ಕಟ್ಟಡ ಅಂದ್ರೆ ಹಾಗೇ ಮೇಡಂ, ಉಸಿರಾಡುತ್ತೆ. ನೀವು ಭಯ ಬೀಳ್ಬೇಡಿ" ಎಂದರು.

"ಹಾಗಾದ್ರೆ ಸಾಹೇಬ್ರು ಯಾಕೆ ಹೋದ್ರು?" ಎಂದು ಅಕ್ಕ ಕೇಳಿದಳು.

"ಅದು ನಿಮ್ಮ ವಿಭಾಗದ ವಿಷಯ ಅಲ್ಲ."

ಆಮೇಲಿನ ವಾರ ಚಾವಣಿಯ ಅಂಚಿನ ಗಾರೆಯ ಹೂಬಳ್ಳಿ ಕಳಚಿ ಅವಳ ಮೇಲೆ ಬಿತ್ತು. ಆಗತಾನೆ ಮಗುವಿನ ಜನನ ಪತ್ರ ಕೊಡಲೆಂದು ಅವಳು ಮುಂದಕ್ಕೆ ಬಾಗಿದ್ದಳು. ಬಾಗಿದ್ದರಿಂದ ತಲೆ ಉಳಿಯಿತು, ಹೆಗಲ ಮೂಳೆ ಮುರಿಯಿತು. ನಾನು ಅಂಗಡಿ ಹಾಗೇ ಬಿಟ್ಟು ಓಡಿದೆ. ಧೂಳಿನಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕ್ಷಣ ಗುರುತೇ ಸಿಗಲಿಲ್ಲ. ತಮ್ಮ ಕಚೇರಿಯ ವರದಿ ಏನು ಹೇಳಿತು? ಸಿಬ್ಬಂದಿ ಕುರ್ಚಿಯಿಂದ ಆಯತಪ್ಪಿ ಬಿದ್ದರು ಎಂದಿತು. ಚಾವಣಿ ಬಿದ್ದದ್ದು ನನ್ನ ಅಕ್ಕನ ಅಜಾಗರೂಕತೆಯಿಂದ ಎಂದು ಬರೆಯದೆ ಉಳಿಸಿದ್ದಕ್ಕೆ ಕೃತಜ್ಞಳು.

ಗುಣವಾದ ಮೇಲೆ ಅದೇ ಕುರ್ಚಿಗೆ ಹಾಜರಾಗಲು ಆದೇಶ ಬಂತು. "ಹೋಗ್ಬೇಡ ಅಕ್ಕ" ಎಂದೆ.

"ನಾನು ಹೋಗದಿದ್ರೆ ಇನ್ನೊಬ್ಬಳನ್ನ ಕೂರಿಸ್ತಾರೆ ಕಣೇ. ಅವಳಿಗೆ ಎಲ್ಲಿ ಸದ್ದಾಗುತ್ತೆ, ಯಾವಾಗ ಏಳಬೇಕು ಅಂತ ಗೊತ್ತಿರಲ್ಲ" ಎಂದು ಹೊರಟಳು.

ಈಗ ಗಂಟೆಯ ವಿಷಯ. ಅದು ತುಕ್ಕು ಹಿಡಿದು ನಿಂತದ್ದಲ್ಲ. ಅತ್ತೆ ನೆನಪಿಸಿಕೊಳ್ಳುತ್ತಾರೆ: ಕೊನೆಯ ಸಲ ಅದನ್ನು ಬಾರಿಸಿದಾಗ ನಮ್ಮ ಅಂಗಡಿಯ ಕಪಾಟಿನ ಕನ್ನಡಕಗಳೆಲ್ಲ ಅದುರಿ ಒಂದು ಬದಿಗೆ ಸರಿದವಂತೆ. ಗೋಪುರದ ನೆತ್ತಿಯಿಂದ ಕಲ್ಲೊಂದು ಉರುಳಿ ಮೆಟ್ಟಿಲ ಮೇಲೆ ಬಿತ್ತಂತೆ. ಅಂದಿನ ಆಯುಕ್ತರು ಮರುದಿನವೇ ಗಂಟೆಯ ನಾಲಿಗೆ ಬಿಚ್ಚಿಸಿದರು. ಅವರಿಗೆ ಅಷ್ಟಾದರೂ ಭಯವಿತ್ತು. ಆ ನಾಲಿಗೆಯನ್ನು ತಾವು ಹೊಳಪು ಕೊಟ್ಟು ಮತ್ತೆ ಸಿಕ್ಕಿಸಿದ್ದೀರಿ.

ಉತ್ಸವದ ದಿನ ಅಕ್ಕನಿಗೂ ಕೆಲಸ ಹಂಚಿದ್ದಾರೆ: ಹಾಡಲು ಬರುವ ಶಾಲೆಯ ಮಕ್ಕಳನ್ನು ಗೋಪುರದ ಕೆಳಗಿನ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸುವುದು. ನಿನ್ನೆ ಸಂಜೆ ಅವಳು ಅಂಗಡಿಗೆ ಬಂದಳು. "ನಾನು ಕೂತಿದ್ದು ನನ್ನ ಹಣೆಬರಹ ಅಂದ್ಕೊಂಡೆ. ಮಕ್ಕಳನ್ನ ನಿಲ್ಲಿಸಲ್ಲ. ಕೆಲಸ ಹೋದ್ರೆ ಹೋಗ್ಲಿ" ಎಂದಳು. ಇಂದು ಬೆಳಿಗ್ಗೆ ಅದನ್ನೇ ಬರೆದು ತಮ್ಮ ಕಚೇರಿಗೆ ಕೊಟ್ಟಿದ್ದಾಳೆ. ಮಧ್ಯಾಹ್ನಕ್ಕೆ ಅಮಾನತಿನ ಆದೇಶ ಕೈಸೇರಿತು. ಬಾಗಿಲು ಕೆತ್ತಿಸಲು ತಿಂಗಳುಗಟ್ಟಲೆ ತೆಗೆದುಕೊಂಡ ಕಚೇರಿಗೆ ಇಷ್ಟು ಚುರುಕೂ ಇದೆ ಎಂದು ಈಗ ತಿಳಿಯಿತು. ಆ ಕುರ್ಚಿಯಲ್ಲಿ ನಾಳೆಯಿಂದ ಹೊಸಬಳೊಬ್ಬಳು ಕೂರುತ್ತಾಳಂತೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಗಂಟೆಯ ನಾಲಿಗೆ ಇಂದೇ ಬಿಚ್ಚಿಸಿ. ನಾಳೆ ಕಚೇರಿ ತೆರೆಯುವ ಮೊದಲು ಗೋಪುರದ ಕೆಳಗಿನ ವಿಭಾಗಗಳನ್ನು ತೆರವು ಮಾಡಿಸಿ, ಎದುರಿನ ಚೌಕಕ್ಕೆ ಬೇಲಿ ಹಾಕಿಸಿ. ಕಟ್ಟಡ ಭದ್ರವಾಗಿದೆ ಎಂದು ಈಗಲೂ ಹೇಳುವುದಾದರೆ ವಾದ ಬೇಡ. ತಮ್ಮ ಮನೆಯ ಮಕ್ಕಳನ್ನು ಆ ಮೆಟ್ಟಿಲ ಮೇಲೆ ಮೊದಲ ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಗಂಟೆಯ ಹಗ್ಗ ತಾವೇ ಎಳೆಯಿರಿ.

ಇಂತಿ,
ಅಕ್ಕ ಅಮಾನತಾದಳೆಂದು ಮೊದಲ ಬಾರಿಗೆ ನೆಮ್ಮದಿಯಿಂದ ಉಸಿರುಬಿಟ್ಟು, ಅದಕ್ಕಾಗಿ ನಾಚಿಕೊಂಡಿರುವ
ಎದುರು ಅಂಗಡಿಯವಳು