ಅಳತೆ ನಿಮ್ಮದು, ಗರಗಸ ನನ್ನದು

ಸಭಾಪಾಲಕರ ಮನೆ, ಚರ್ಚಿನ ಹಿಂಭಾಗ
ಸೋಮವಾರ, ಮೇ ೨೦

ನನ್ನ ಪ್ರೀತಿಯ ಹಠಮಾರಿ ಯಜಮಾನರಿಗೆ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ, ಇಲ್ಲ ನಾನಿಲ್ಲ ಅಂತ ತಟ್ಟೆ ಮುಂದೆ ಮುಖ ಊದಿಸಿಕೊಂಡು ಕೂರುತ್ತಿದ್ದೀರಾ? ಬಚ್ಚಲ ಮೆಟ್ಟಿಲ ಹತ್ತಿರ ಹುಷಾರು. ಕಣ್ಣು ಹೇಗಿದೆ ಎಂದರೆ "ನನ್ನ ಕಣ್ಣಿಗೇನಾಗಿದೆ, ಚೆನ್ನಾಗೇ ಇದೆ" ಅನ್ನುತ್ತೀರಿ. ಅದಕ್ಕೇ ನಿಮ್ಮನ್ನು ಕೇಳುವುದಿಲ್ಲ, ಸೊಸೆಯನ್ನು ಕೇಳುತ್ತೇನೆ. ಮಗಳೇ, ಈ ಪತ್ರವನ್ನು ಮಾವನಿಗೆ ಓದಿ ಹೇಳುತ್ತಿರುವವಳು ನೀನೇ ತಾನೇ? ಅವರು ಈಗಲೂ ಟೀ ಲೋಟ ಬಿಟ್ಟು ಅದರ ಪಕ್ಕಕ್ಕೆ ಕೈ ಹಾಕುತ್ತಾರಾ? ನಿಜ ಬರೆ. ನಾನು ಬೈದಿರುವ ಜಾಗ ಬಂದಾಗ ದನಿ ತಗ್ಗಿಸಬೇಡ, ಗಟ್ಟಿಯಾಗಿಯೇ ಓದು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಬೆನ್ನು ಹಿಡಿದುಕೊಂಡಿದೆ, ಅಂಗೈ ತುಂಬ ಬೊಬ್ಬೆ, ಆದರೂ ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ವಿವರ ಆಮೇಲೆ, ಸುದ್ದಿ ಮೊದಲು ಕೇಳಿ: ಛಾವಣಿ ನಿಂತಿತು ರೀ!

ನೀವು ಅಂದ ಮಾತು ನಾನು ಮರೆತಿಲ್ಲ. ಈ ಬಡ ದೇಶದ ಚರ್ಚುಗಳಿಗೆ ನೆರವಾಗಲು ನಮ್ಮ ಸಭೆಯಿಂದ ತಂಡ ಹೋಗುತ್ತಿದೆ, ಒಂದು ಚರ್ಚಿಗೆ ಛಾವಣಿಯೇ ಇಲ್ಲ, ಬಡಗಿ ಅಂದರೆ ನೀವೇ ಎಂದು ಅವರು ಮನೆ ಬಾಗಿಲಿಗೆ ಬಂದು ಕರೆದಾಗ ನೀವು ಮಾಡಿದ್ದೇನು? ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೆದರಿ ಅಂಗಡಿಗೆ ಬೀಗ ಜಡಿದು ಕೂತವರು, "ನನ್ ಕೆಲ್ಸ ಮುಗೀತು, ಬೇಕಾದ್ರೆ ಇವಳನ್ನ ಕರ್ಕೊಂಡು ಹೋಗಿ" ಅಂದಿರಿ. ನಾನು ಹೂಂ ಅಂದದ್ದೇ ನಿಮ್ಮ ಮೂಗಿನ ತುದಿಗೆ ಸಿಟ್ಟು ಬಂತು. "ನೀನು ಅಲ್ಲಿ ಛಾವಣಿ ನಿಲ್ಸು ನೋಡೋಣ, ಆವತ್ತೇ ಹೋಗಿ ಕಣ್ಣು ಕೊಯ್ಯಿಸ್ಕೊಂಡು ಬರ್ತೀನಿ!" ಸೊಸೆ ಸಾಕ್ಷಿ. ಹಾಗಾಗಿ ಇಲ್ಲಿ ನಾನು ಹೊಡೆದ ಒಂದೊಂದು ಮೊಳೆಯೂ ಈ ಸಭೆಗೆ ಎಷ್ಟೋ ನಿಮ್ಮ ಕಣ್ಣಿಗೂ ಅಷ್ಟೇ ಎಂದುಕೊಂಡು ಹೊಡೆದೆ.

ಈ ಚರ್ಚನ್ನು ನೀವು ನೋಡಬೇಕು. ನಾಲ್ಕು ಇಟ್ಟಿಗೆ ಗೋಡೆ, ಮೇಲೆ ಆಕಾಶ. ಹೋದ ವರ್ಷದ ಗಾಳಿಗೆ ತಗಡುಗಳೆಲ್ಲ ಹಾರಿಹೋಗಿ, ಮಳೆ ಬಂದರೆ ಸಭಾಪಾಲಕರು ಪ್ರಸಂಗ ಅರ್ಧಕ್ಕೆ ನಿಲ್ಲಿಸಿ ಜನರನ್ನು ಮನೆಗೆ ಕಳಿಸುತ್ತಿದ್ದರಂತೆ. ಆಗಲೂ ಹೊರಡುವ ಮುಂಚೆ ಕೊಡೆ ಇದ್ದವರು ಇಲ್ಲದವರನ್ನು ಬಳಿಗೆ ಎಳೆದುಕೊಂಡು ಕೊನೆಯ ಕೀರ್ತನೆ ಹಾಡಿ ಮುಗಿಸುತ್ತಿದ್ದರಂತೆ. ಗೋಡೆ ಕಟ್ಟಲು ಕೂಲಿ ಕೊಡುವ ಶಕ್ತಿ ಇಲ್ಲದ್ದರಿಂದ ಒಂದೊಂದು ಮನೆಯವರು ಒಂದೊಂದು ತುಂಡು ಗೋಡೆ ವಹಿಸಿಕೊಂಡು, ಶನಿವಾರಗಳಲ್ಲಿ ತಾವೇ ಕಟ್ಟಿದ್ದಾರೆ. ಯಾರ ಗೋಡೆ ಯಾವುದು ಎಂದು ಕಣ್ಣು ಮುಚ್ಚಿ ಹೇಳಬಹುದು. ಒಬ್ಬರ ಗಾರೆ ದಪ್ಪ, ಒಬ್ಬರದು ತೆಳು, ಒಬ್ಬರು ಇಟ್ಟಿಗೆಗಳನ್ನು ಅವಸರಕ್ಕೆ ಅಡ್ಡಾದಿಡ್ಡಿ ಪೇರಿಸಿದ್ದಾರೆ. ಪ್ರತಿಯೊಬ್ಬರೂ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತಮ್ಮ ಗೋಡೆ ತೋರಿಸಿದರು. ಭಾಷೆ ಬಾರದಿದ್ದರೂ ಮುಖ ನೋಡಿದರೆ ಸಾಕಿತ್ತು.

ಈಗ ಎಡವಟ್ಟಿನ ಕಥೆ ಕೇಳಿ. ನಮ್ಮ ತಂಡದ ಮುಖ್ಯಸ್ಥರು ಡ್ರಿಲ್ ಮಾಸ್ತರು ಅಂತ ನಿಮಗೆ ಗೊತ್ತೇ ಇದೆ. ರಿಟೈರ್ ಆಗಿ ಎಷ್ಟು ವರ್ಷವಾದರೂ ನಾವು ಪ್ರಾರ್ಥನೆಗೆ ಸಾಲಾಗಿ ನಿಲ್ಲಬೇಕು. ಬಂದ ದಿನವೇ ಅವರು ಬಾಗಿಲ ಕಡೆ ಟೇಪು ಹಿಡಿದು ಅಗಲ ಅಳೆದು, ಪರೇಡಿನಲ್ಲಿ ಕೂಗಿದ ಹಾಗೆ ಕೂಗಿದರು. ನಾನು ಏನು ಮಾಡಿದೆ? ಗರಗಸ ಎತ್ತಿಕೊಂಡೆ. ನಲವತ್ತು ವರ್ಷ ನೀವು ಅಳತೆ ಹೇಳಿದ್ದೀರಿ, ನಾನು ಕೊಯ್ದಿದ್ದೇನೆ, ಒಂದು ದಿನ ತಿರುಗಿ ಕೇಳಿದವಳಲ್ಲ. ಕಿವಿಗೆ ಅಳತೆ ಬಿತ್ತೆಂದರೆ ಕೈ ತಾನೇ ಓಡುತ್ತದೆ. ಛಾವಣಿ ಹೊರುವ ಮರದ ತ್ರಿಕೋನಗಳಷ್ಟನ್ನೂ ಅಂಗಳದಲ್ಲಿ ಅದೇ ಅಳತೆಗೆ ಕೊಯ್ದು, ಕೂಡಿಸಿ, ಬೋಲ್ಟು ಬಿಗಿದು ಸಾಲಾಗಿ ಮಲಗಿಸಿದೆ. ಮಾಸ್ತರು ಸೆಲ್ಯೂಟ್ ಹೊಡೆಯುವುದೊಂದು ಬಾಕಿ. ಗುರುವಾರ ಎತ್ತಿ ನಿಲ್ಲಿಸಿದೆವು. ಬಾಗಿಲ ಕಡೆಯವು ಹೇಳಿ ಮಾಡಿಸಿದ ಹಾಗೆ ಕೂತವು. ಮುಂದೆ ಹೋಗುತ್ತ ಹೋಗುತ್ತ ಒಂದು ತುದಿ ಗೋಡೆಯ ಅಂಚಿಗೆ ಬಂತು. ವೇದಿಕೆಯ ಹತ್ತಿರದ್ದಂತೂ ಗೋಡೆಗೇ ಎಟುಕದೆ ಹಗ್ಗದಲ್ಲಿ ತೂಗಾಡಿತು. ಒಂದು ಗೇಣು ಕಡಿಮೆ! ಚರ್ಚು ಮುಂದಕ್ಕೆ ಹೋದಂತೆ ಅಗಲವಾಗಿತ್ತು, ನಾನು ಹೋಗಿ ನೋಡಿರಲೇ ಇಲ್ಲ. ಬೇರೆ ಮರ ತರಿಸಲು ಸಮಯವಿಲ್ಲ, ಭಾನುವಾರ ಚರ್ಚಿನ ಪ್ರತಿಷ್ಠೆ, ಮಂಗಳವಾರ ನಮ್ಮ ವಿಮಾನ. ಇತ್ತ ಮೋಡ ಕಟ್ಟುತ್ತಿದೆ.

ಮಾಸ್ತರು ಆ ಪಕ್ಕದ ಗೋಡೆ ಒಡೆದು ಒಳಗೆ ಸರಿಸಿ ಕಟ್ಟೋಣ ಎಂದರು. ಅಷ್ಟರಲ್ಲಿ ಒಬ್ಬ ಹೆಂಗಸು, ಇಲ್ಲಿ ಬಟ್ಟೆ ಹೊಲಿಯುವಾಕೆ, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಅವಳು ಹೇಳಿದ್ದನ್ನು ಸಭಾಪಾಲಕರು ನಮಗೆ ತಿಳಿಸಿದರು: "ಇದು ನನ್ನ ಗಂಡ ಕಟ್ಟಿದ್ದು. ಒಳಗೆ ಇನ್ನೂ ನಾಲ್ಕು ಜನ ಕೂತ್ಕೊಳ್ಲಿ ಅಂತ ಬೇಕಂತಲೇ ಹೊರಗೆ ಸರಿಸಿ ಕಟ್ಟಿದ್ರು. ಈಗ ಅವರೇ ಇಲ್ಲ." ಗೋಡೆ ಒಡೆಯುವ ಮಾತು ಅಲ್ಲಿಗೆ ನಿಂತಿತು. ನಾನು ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಅತ್ತೆ ರೀ, ಸುಳ್ಳೇಕೆ ಹೇಳಲಿ. ಆ ಹೆಂಗಸಿನ ಗಂಡನಿಗೂ ಅತ್ತೆ, ನಿಮ್ಮ ಕಣ್ಣಿಗೂ ಅತ್ತೆ. ಆಮೇಲೆ, ಹೊಸ ಮನೆಗೆ ಕೆಲಸಕ್ಕೆ ಹೋದಾಗ ನೀವು ಟೇಪು ತೆಗೆಯುವ ಮೊದಲು ಗೋಡೆಗೆ ಅಂಗೈ ಸವರುತ್ತ ಪೂರ್ತಿ ಸುತ್ತು ಬರುತ್ತಿದ್ದದ್ದು ನೆನಪಾಯಿತು. ಮನೆಯವರು ಇದೇನು ಹುಚ್ಚು ಅನ್ನುವ ಹಾಗೆ ನೋಡುತ್ತಿದ್ದರು. ನಾನೂ ಹಾಗೇ ಸುತ್ತು ಬಂದೆ. ಸುತ್ತು ಮುಗಿಯುವಷ್ಟರಲ್ಲಿ ದಾರಿ ಹೊಳೆಯಿತು, ಕರ್ತನಿಗೆ ಸ್ತೋತ್ರ.

ಗಾಳಿಗೆ ಬಿದ್ದ ಹಳೆಯ ಛಾವಣಿಯ ತೊಲೆಗಳು ಹಿತ್ತಲಲ್ಲಿದ್ದವು. ಗಟ್ಟಿ ಇದ್ದವನ್ನು ಆರಿಸಿ ಆ ಗೋಡೆಯ ಒಳಬದಿಗೆ ಕಂಬಗಳನ್ನು ನಿಲ್ಲಿಸಿ, ಮೇಲೆ ಉದ್ದಕ್ಕೆ ತೊಲೆ ಹಾಯಿಸಿ, ತ್ರಿಕೋನಗಳ ತುದಿಯನ್ನು ಅದರ ಮೇಲೆ ಕೂರಿಸಿದೆವು. ಆ ತುದಿಯಿಂದ ಗೋಡೆಯಾಚೆ ಸೂರಿನವರೆಗೆ ಒಂದೊಂದಕ್ಕೂ ಮರದ ತುಂಡು ಜೋಡಿಸಬೇಕಿತ್ತು, ಅದೂ ಒಂದೊಂದು ಒಂದೊಂದು ಉದ್ದ. ಅಳೆದವರು ಯಾರು ಅಂತೀರಿ? ಆ ಬಟ್ಟೆ ಹೊಲಿಯುವಾಕೆ! ಆಕೆ ಪ್ಯಾಂಟಿನ ಕಾಲು ಮಡಚಿ ಏಣಿ ಹತ್ತಿ, ಕೊರಳ ಟೇಪು ಹಿಡಿದು, ಅಂಗಿಯ ತೋಳು ಅಳೆದ ಹಾಗೆ ಅಳೆದು ಬೆರಳು ಮಡಚಿ ತೋರಿಸುತ್ತಿದ್ದಳು. ನಾನು ಈ ಸಲ ಒಂದಕ್ಕೆ ಎರಡು ಬಾರಿ ಕೇಳಿ ಕೊಯ್ಯುತ್ತಿದ್ದೆ. ಶನಿವಾರ ಸಂಜೆ ಕೊನೆಯ ತಗಡಿಗೆ ಕೊನೆಯ ಮೊಳೆ ಹೊಡೆಯಲು ಎಲ್ಲರೂ ಸೇರಿ ಅವಳನ್ನೇ ಮೇಲೆ ಹತ್ತಿಸಿದರು.

ನಿನ್ನೆ ಭಾನುವಾರ ಕಾಲಿಡಲು ಜಾಗವಿರಲಿಲ್ಲ. ಪ್ರಸಂಗ ಶುರುವಾಗಿ ಸ್ವಲ್ಪ ಹೊತ್ತಿಗೇ ಮಳೆ ಧೋ ಅಂತ ಸುರಿಯಿತು. ತಗಡಿನ ಸದ್ದಿಗೆ ಸಭಾಪಾಲಕರ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳಲಿಲ್ಲ. ಅಭ್ಯಾಸಬಲ ನೋಡಿ, ಅರ್ಧ ಸಭೆ ಕೊಡೆ ಬಿಚ್ಚಿಬಿಟ್ಟಿತು! ಒಂದು ಹನಿಯೂ ಬೀಳಲಿಲ್ಲ. ಒಬ್ಬೊಬ್ಬರೇ ನಾಚಿಕೊಂಡು ಕೊಡೆ ಮಡಚುತ್ತ ನಗಲು ಶುರು ಮಾಡಿದರು, ಸಭಾಪಾಲಕರು ನಗುತ್ತಲೇ ಬೈಬಲ್ ಮುಚ್ಚಿ ಕೈ ಎತ್ತಿದರು, ಎಲ್ಲರೂ ಎದ್ದು ಮಳೆಯ ಮೇಲೆ ದನಿ ಏರಿಸಿ ಹಾಡಿದರು. ಗೊತ್ತಿಲ್ಲದ ಭಾಷೆಯಲ್ಲಿ ನಾನೂ ಗಂಟಲು ಹರಿಯುವ ಹಾಗೆ ಹಾಡಿದೆ. ಡ್ರಿಲ್ ಮಾಸ್ತರು ಸಾಲು ಬಿಟ್ಟು ಹೋಗಿ ಒಂದು ಕಂಬ ತಬ್ಬಿಕೊಂಡು ಅಳುತ್ತಿದ್ದರು. ಇಷ್ಟು ಹೆಮ್ಮೆ ನನಗೆ ನಮ್ಮ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಸೊಸೆಯೇ, ಇದನ್ನು ಅವನಿಗೆ ಹೇಳಬೇಡ.

ನಾವು ಬರುವ ಮೊದಲೇ ಈ ಪತ್ರ ನಿಮ್ಮ ಕೈ ಸೇರಲಿ ಎಂದು, ಇವತ್ತೇ ಊರಿಗೆ ಹೊರಟಿರುವ ತಂಡದ ನರ್ಸಮ್ಮನ ಹತ್ತಿರ ಕೊಡುತ್ತಿದ್ದೇನೆ. ಮೊಮ್ಮಕ್ಕಳಿಗೆ ಮುತ್ತು, ಸೊಸೆಗೆ ಆಶೀರ್ವಾದ. ಕರ್ತನು ನಿಮ್ಮನ್ನೂ ನಿಮ್ಮ ಹಠವನ್ನೂ ನಾನು ಬರುವತನಕ ಕಾಯಲಿ.

ನಿಮ್ಮ ಗರಗಸದ
ಮನೆಯಾಕೆ

ಅವಸರದಲ್ಲಿ ಇನ್ನೊಂದು: ಸೊಸೆಯೇ, ಇಲ್ಲಿಂದ ಮುಂದೆ ನೀನು ಓದಬೇಡ, ಹಾಳೆ ಅವರ ಕೈಗೆ ಕೊಡು. ಬಡಗಿಯ ದಪ್ಪ ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ, ಬಿಸಿಲಿಗೆ ಹಿಡಿದರೆ ಅವರಿಗೇ ಕಾಣುತ್ತದೆ. ರೀ, ಪಂತ ಗೆದ್ದಳು ಅಂತ ಕಣ್ಣು ಕೊಯ್ಯಿಸಿಕೊಳ್ಳಬೇಡಿ, ಆ ಪಂತವನ್ನು ನಾನು ಬಿಟ್ಟುಕೊಟ್ಟಿದ್ದೇನೆ. ಚರ್ಚಿಗೆ ಇನ್ನೂ ಬಾಗಿಲಿಲ್ಲ. ಬಾಗಿಲ ಜಾಗ ಮೇಲೊಂದು ಅಗಲ, ಕೆಳಗೊಂದು ಅಗಲ. ನೀನೇ ಮಾಡು ಎಂದರು, ಒಲ್ಲೆ ಎಂದೆ. ಮಳೆಗಾಲ ಕಳೆದು ತಂಡ ಮತ್ತೆ ಬರುವಾಗ ಅಳೆಯಲು ನಮ್ಮ ಯಜಮಾನರು ಬರುತ್ತಾರೆ ಎಂದು ಸಭೆಯ ಮುಂದೆ ಎದ್ದು ನಿಂತು ಹೇಳಿಬಿಟ್ಟಿದ್ದೇನೆ. ಅಲ್ಲಿಯವರೆಗೆ ಬಾಗಿಲಿಲ್ಲದೆಯೇ ಇರುತ್ತೇವೆ ಎಂದಿದ್ದಾರೆ. ಬೇರೆಯವರ ಅಳತೆಗೆ ಕೊಯ್ದು ನನಗೆ ತುಂಬ ಹೆದರಿಕೆಯಾಯಿತು. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ. ನಾಳೆಯೇ ಆಸ್ಪತ್ರೆಗೆ ಹೋಗಿ.