ಮೊದಲ ತುತ್ತು

ಹೆಟಾಂಗ್ ಪೇಟೆ, ಯುನ್ನಾನ್
ಭಾನುವಾರ, 29 ಡಿಸೆಂಬರ್ 1996

ಪ್ರೀತಿಯ ಅಮ್ಮನಿಗೆ,

ಪೆಯ್‌ವೆನ್‌ಳ ನಮಸ್ಕಾರಗಳು. ಅಜ್ಜಿ ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದಳು. ಗಂಜಿ ಕುಡಿಯುತ್ತಾಳೆ, ಗಂಜಿ ತೆಳುವಾಯಿತೆಂದು ನನ್ನನ್ನು ಬೈಯುತ್ತಾಳೆ. ಅಂದರೆ ಚೆನ್ನಾಗಿದ್ದಾಳೆ.

ನೀನು ಅಪ್ಪನಿಗೆ ಬರೆದ ಪತ್ರ ಓದಿದೆ. ಅವರು ಅದನ್ನು ಮೇಜಿನ ಮೇಲೆಯೇ ಬಿಟ್ಟಿದ್ದರು. ಹೆತ್ತ ತಾಯಿಗೇ ವಿಷ ಉಣ್ಣಿಸಿದವರ ಹತ್ತಿರ ಮಗಳನ್ನು ಬಿಡಲಾರೆ, ಕುನ್ಮಿಂಗ್‌ಗೆ ಕಳಿಸಿ ಎಂದು ಬರೆದಿದ್ದೀಯ. ಫೋನಿನಲ್ಲಿ ಅಪ್ಪ ನಿನಗೆ ಹೇಳಿದ್ದನ್ನೇ ಇಡೀ ಪೇಟೆಗೂ ಹೇಳಿದ್ದಾರೆ: ಹಬ್ಬದ ಸಾರಿನ ಗೆಡ್ಡೆಯನ್ನು ತಾವೇ ಸರಿಯಾಗಿ ನೆನೆಸಲಿಲ್ಲ, ತಪ್ಪು ತಮ್ಮದು ಎಂದು. ಬಾಗಿಲ ಮೇಲಿನ ವೈದ್ಯರ ಫಲಕ ಇಳಿಸಿದ್ದಾರೆ. ನಾಳೆ ಪರವಾನಗಿ ವಾಪಸು ಕೊಡಲು ಜಿಲ್ಲಾ ಕಚೇರಿಗೆ ಹೋಗುತ್ತಾರಂತೆ. ತೋಫು ಮಾರುವ ಲುವೊ ಚಿಕ್ಕಮ್ಮ ನಮ್ಮ ಬಾಗಿಲ ಮುಂದೆಯೇ ನಿಂತು, "ಮನೆಯವರನ್ನೇ ಕಾಯೋಕಾಗದವನು ನಮ್ಮ ನಾಡಿ ಹಿಡೀತಾನಂತೆ!" ಎಂದಳು. ಒಳಗಿದ್ದ ಅಪ್ಪ ಅದನ್ನು ಕೇಳಿಯೂ ಜ್ಯೇಷ್ಠಮಧು ಕತ್ತರಿಸುತ್ತಲೇ ಇದ್ದರು.

ಅಮ್ಮ, ನಡೆದದ್ದು ಹಾಗಲ್ಲ.

ಚಳಿಗಾಲದ ಹಬ್ಬದ ದಿನ ವತ್ಸನಾಭಿ ಗೆಡ್ಡೆಯ ಮಾಂಸದ ಸಾರು ಮಾಡುವುದು ನನ್ನ ಪಾಲಿಗೆ ಬಂದಿತ್ತು. ತಾವೇ ನೆನೆಸಿಟ್ಟ ಗೆಡ್ಡೆ ಕೊಟ್ಟು, ಈ ಸಲ ಬೆಂಕಿ ನಿನ್ನದು ಎಂದು ಅಪ್ಪ ಬೆಳಿಗ್ಗೆಯೇ ಹೇಳಿ ರೋಗಿಗಳನ್ನು ನೋಡಲು ಹೋದರು. ನಿಯಮ ನಿನಗೂ ಗೊತ್ತು. ಗೆಡ್ಡೆಯ ವಿಷ ಇಳಿಯುವವರೆಗೆ ಕುದಿ ನಿಲ್ಲಬಾರದು. ನೀರು ಸಾಲದಿದ್ದರೆ ಕುದಿಯುವ ನೀರನ್ನೇ ಹಾಕಬೇಕು. ಬೇಯಿಸಿದವರೇ ಮೊದಲ ತುತ್ತು ತಿಂದು ಅರ್ಧ ಗಂಟೆ ಕೂರಬೇಕು. ನಾಲಿಗೆ ಜೋಮು ಹಿಡಿಯದಿದ್ದರೆ ಮಾತ್ರ ಉಳಿದವರಿಗೆ ಬಡಿಸಬೇಕು.

ನಾನು ಒಲೆಯ ಪಕ್ಕ ಕಾದಂಬರಿ ಹಿಡಿದು ಕೂತೆ. ತಲೆ ಎತ್ತಿದಾಗ ನೀರು ಇಂಗಿ ಗೆಡ್ಡೆ ಮೇಲೆ ಕಾಣುತ್ತಿತ್ತು. ಬಿಸಿನೀರು ಇಟ್ಟಿರಲಿಲ್ಲ. ಹಂಡೆಯಿಂದ ಎರಡು ಸೌಟು ತಣ್ಣೀರು ಸುರಿದೆ. ಕುದಿ ನಿಂತಿತು. ಅದು ಮತ್ತೆ ಶುರುವಾಗಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಪುಸ್ತಕಕ್ಕೇ ವಾಪಸು ಹೋಗಿದ್ದೆ.

ಸಂಜೆ ಅಪ್ಪ ಕೇಳಿದರು: "ಬಾಯಿಗೆ ಹಾಕಿ ನೋಡಿದೆಯಾ?" "ನೋಡಿದೆ" ಅಂದೆ. ನೋಡಿರಲಿಲ್ಲ. ತಣ್ಣೀರಿನ ನೆನಪಿತ್ತು, ಭಯವಾಯಿತು. ನಾನು ಬಟ್ಟಲಿಗೆ ಬೇರೆ ಬೇಯಿಸಿದ್ದ ಮೂಲಂಗಿ ಮಾತ್ರ ಹಾಕಿಕೊಂಡೆ. ಅಪ್ಪನನ್ನು ಅಷ್ಟರಲ್ಲಿ ಯಾರೋ ಮದ್ದಿಗೆಂದು ಹೊರಗೆ ಕರೆದರು. ಅಜ್ಜಿ ಒಬ್ಬಳೇ ಉಂಡಳು.

ಕಾಲು ಗಂಟೆಗೆಲ್ಲ ಅಜ್ಜಿ ತುಟಿ ಒರೆಸಿಕೊಳ್ಳತೊಡಗಿದಳು. ಅಪ್ಪ ಒಳಗೆ ಬಂದಾಗ ಅವರಿಗೆ, "ಬೆರಳಿನ ತುಂಬ ಇರುವೆ ಹರಿದಾಡ್ತಿವೆ ಕಣೋ ಗುವಾಂಗ್‌ಲಿ" ಎಂದಳು. ಅಪ್ಪ ಕೇಳಿದ್ದು ಒಂದೇ, ಉಂಡು ಎಷ್ಟು ಹೊತ್ತಾಯಿತು ಎಂದು. ಹೇಳಿದ ಕೂಡಲೇ ಕೋಳಿ ಗರಿ ಗಂಟಲಿಗೆ ಹಾಕಿ ವಾಂತಿ ಮಾಡಿಸಿದರು. ಹೆಸರುಕಾಳು, ಜ್ಯೇಷ್ಠಮಧು ಕುದಿಸಲು ನನಗೆ ಹೇಳಿದರು. ಕೆಲಸ ಮಾಡುತ್ತಲೇ ಪಾಠವನ್ನೂ ಒಪ್ಪಿಸುತ್ತಿದ್ದರು, ನನಗೋ ತಮಗೋ ತಿಳಿಯದು: "ಹೊಟ್ಟೇಲಿದ್ರೆ ಮೇಲಿಂದ ಕಳಿಸ್ಬೇಕು, ಕರುಳಿಗೆ ಇಳಿದಿದ್ರೆ ಕೆಳಗಿಂದ. ಗೆಡ್ಡೆ ಬೆಂಕಿ, ಹೆಸರುಕಾಳು ತಂಪು. ಜ್ಯೇಷ್ಠಮಧು ಜಗಳ ಬಿಡಿಸುತ್ತೆ. ಆದ್ರೆ ಎದೆಗೆ ಬಂತೋ, ಅಲ್ಲಿರೋನು ಅರಸ, ಮೊದಲು ಅವನನ್ನ ಉಳಿಸ್ಕೋಬೇಕು."

ಆಮೇಲೆ ಅಜ್ಜಿಯ ಮಣಿಕಟ್ಟು ಹಿಡಿದರು. ನಾಡಿಯನ್ನು ಬಾಯಲ್ಲೇ ಎಣಿಸಿದರು: ಗುಬ್ಬಿ ಕಾಳು ಕುಕ್ಕಿದ ಹಾಗೆ ನಾಲ್ಕು ಬಡಿತ, ಒಂದು ನಿಲುಗಡೆ. "ಇದು ನನ್ನ ಕೈ ಮೀರಿದ್ದು. ಟ್ರ್ಯಾಕ್ಟರ್ ತರಿಸು!" ಎಂದು ಕೂಗಿದರು. ಆಸ್ಪತ್ರೆಯ ದಾರಿಯುದ್ದಕ್ಕೂ ಅಜ್ಜಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕಷಾಯವನ್ನು ಚಮಚದಲ್ಲಿ ಕುಡಿಸುತ್ತಾ ಹೋದರು. ಅಜ್ಜಿಯ ಎದೆಬಡಿತ ತಹಬಂದಿಗೆ ತರಲು ಆಸ್ಪತ್ರೆಯವರಿಗೆ ಮೂರು ದಿನ ಬೇಕಾಯಿತು. ಮೊದಲೇ ವಾಂತಿಯಾಗದಿದ್ದರೆ ಇಲ್ಲಿವರೆಗೂ ಬರುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ಅದನ್ನು ಅಪ್ಪ ಯಾರಿಗೂ ಹೇಳಿಲ್ಲ.

ವಾರದಿಂದ ಅವರು ಅದೇ ರಾಶಿಯ ಉಳಿದ ಗೆಡ್ಡೆಗಳನ್ನು ಒಂದೊಂದಾಗಿ ಸೀಳಿ, ಬೆಳಕಿಗೆ ಹಿಡಿದು, ತಪ್ಪು ಹುಡುಕುತ್ತಿದ್ದಾರೆ. ನಾನು ಪಕ್ಕದಲ್ಲೇ ಕೂತು ನೋಡುತ್ತೇನೆ. ಬಾಯಿ ಬರುವುದಿಲ್ಲ. ಹಾಗಾಗಿ ಮೊದಲು ನಿನಗೆ ಬರೆದಿದ್ದೇನೆ. ನಾಳೆ ಅವರು ಬಸ್ಸು ಹತ್ತುವ ಮೊದಲು ಇದನ್ನು ಅವರೆದುರು ಓದುತ್ತೇನೆ. ಕಾಗದ ಕೈಯಲ್ಲಿದ್ದರೆ ಓದಬಲ್ಲೆ. ಆಮೇಲೂ ನಾನು ನಿನ್ನ ಹತ್ತಿರ ಬರಬೇಕೆನಿಸಿದರೆ ಬರುತ್ತೇನೆ. ಆದರೆ ಅಪ್ಪನಿಂದ ನನ್ನನ್ನು ಕಾಪಾಡಲು ಎಂದು ಕರೆಯಬೇಡ.

ಇಂತಿ,
ನಿನ್ನ ತಪ್ಪಿತಸ್ಥ ಮಗಳು
ಪೆಯ್‌ವೆನ್

ತಾ.ಕ.: ಸೋಮವಾರ ಬೆಳಿಗ್ಗೆ. ಓದಿದೆ. ಅಪ್ಪ ನನ್ನನ್ನು ಬೈಯಲಿಲ್ಲ. "ಹಾಗಾದ್ರೆ ನೆನೆಸಿದ್ದು ಸರಿಯಾಗೇ ಇತ್ತಾ?" ಎಂದು ಮೂರು ಸಲ ಕೇಳಿ, ಹಿತ್ತಿಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದರು. ಎಂಟರ ಬಸ್ಸು ಹೋಯಿತು, ಅವರು ಹತ್ತಲಿಲ್ಲ. ಅಜ್ಜಿ ಮಾತ್ರ ಹಾಸಿಗೆಯಿಂದಲೇ ಹೇಳಿದಳು: "ಮೊದಲ ತುತ್ತಿಗೇ ನಾಲಿಗೆ ಜುಮ್ ಅಂತು ಕಣೇ. ನೀನು ನೋಡಿದೀನಿ ಅಂದಿದ್ಯಲ್ಲ, ನನ್ನ ನಾಲಿಗೇಗೇ ವಯಸ್ಸಾಯ್ತು ಅಂದ್ಕೊಂಡು ಪೂರ್ತಿ ಉಂಡೆ."